ಹಸಿರಾಗಿದ್ದ ಹಾಗೇ ಬಾಡಿದ ಗಿಡಗಳು: ಪುತ್ತೂರು ಕಡೆಯ ಒಂದು ಹಿತ್ತಲಿಗೆ ಟೊಮೆಟೊ ತಳಿ ಹುಡುಕಿದ್ದು

ನಮ್ಮ ದೊಡ್ಡಮ್ಮನ ಮನೆ ಪುತ್ತೂರು ಪೇಟೆಯಿಂದ ಸುಮಾರು ಎಂಟು ಕಿಲೋಮೀಟರ್ ಒಳಗೆ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆ, ಮನೆ ಹಿಂದೆ ಒಂದು ಮೂರು ಸೆಂಟ್ಸ್ ಜಾಗದಲ್ಲಿ ತರಕಾರಿ. ಬಸಳೆ ಚಪ್ಪರ ವರ್ಷ ಇಡೀ ಇರ್ತದೆ, ಮಳೆ ಮುಗಿದ ಮೇಲೆ ಅಲಸಂಡೆ, ಬೆಂಡೆ, ಹೀರೆ, ಬದನೆ, ಹರಿವೆ ಎಲ್ಲ ಹಾಕ್ತಾರೆ, ಎಲ್ಲ ಆಗ್ತದೆ. ಟೊಮೆಟೊ ಒಂದು ಮಾತ್ರ ಆಗ್ತಿರಲಿಲ್ಲ. "ನಮ್ಮ ಊರಿನ ಮಣ್ಣಿಗೆ ಅದು ಹಿಡಿಯುದಿಲ್ಲ ಮಗಾ, ಅದು ಘಟ್ಟದ ಮೇಲಿನವರ ಬೆಳೆ" ಅಂತ ದೊಡ್ಡಮ್ಮ ಹೇಳ್ತಿದ್ರು, ಅಕ್ಕಪಕ್ಕದ ಮನೆಯವರೂ ಅದನ್ನೇ ಹೇಳ್ತಿದ್ರು, ನಾನೂ ಸಣ್ಣದಿರುವಾಗಿಂದ ಅದನ್ನೇ ನಂಬಿದ್ದೆ.

2023ರ ಜುಲೈಯಲ್ಲಿ ಟೊಮೆಟೊ ರೇಟು ಕೆಜಿಗೆ ನೂರು ದಾಟಿ ಮೇಲೆ ಹೋಯ್ತಲ್ಲ, ಕೋಲಾರ ಮಾರ್ಕೆಟಲ್ಲಿ 15 ಕೆಜಿ ಬಾಕ್ಸಿಗೆ ಎರಡು ಸಾವಿರದ ಮೇಲೆ ಆಯ್ತು ಅಂತ ಟಿವಿಯಲ್ಲಿ ದಿನಾ ಬರ್ತಿತ್ತಲ್ಲ, ಆವಾಗ ಈ ಸಲ ಹೇಗಾದ್ರೂ ಮನೆಯಲ್ಲೇ ಬೆಳೆಸುದು ಅಂತ ಹೊರಟದ್ದು. ಎರಡು ಸೀಸನ್ ಆಯ್ತು. ಮೊದಲನೇದು ಪೂರ್ತಿ ಹಾಳಾಯ್ತು, ಎರಡನೇದರಲ್ಲಿ ಹಣ್ಣು ತಿಂದೆವು. ಆ ಎರಡರ ನಡುವೆ ಬದಲಾದದ್ದು ಮುಖ್ಯವಾಗಿ ತಳಿ, ಮತ್ತೆ ಸ್ವಲ್ಪ ಮಣ್ಣಿನ ಕೆಲಸ. ಕರಾವಳಿ, ಮಲೆನಾಡಲ್ಲಿ ಎಷ್ಟೋ ಮನೆಯವರು ಇದೇ ತೊಂದರೆಯಲ್ಲಿ ಟೊಮೆಟೊ ಬಿಟ್ಟೇ ಬಿಟ್ಟಿದ್ದಾರೆ, ಹಾಗಾಗಿ ಏನೇನು ಆಯ್ತು ಅಂತ ಪೂರ್ತಿ ಬರೀತೇನೆ.

ಮೊದಲನೇ ಸಲ 2023ರ ಅಕ್ಟೋಬರಲ್ಲಿ 26 ಗಿಡ ನೆಟ್ಟೆವು. ತಳಿ ಆರಿಸಿದ್ದು ಹೇಗೆ ಅಂದ್ರೆ, ಆರಿಸಲೇ ಇಲ್ಲ. ಪೇಟೆಯ ಬೀಜದ ಅಂಗಡಿಯಲ್ಲಿ ಚಂದದ ಫೋಟೋ ಇದ್ದ ಒಂದು ಹೈಬ್ರಿಡ್ ಪ್ಯಾಕೆಟ್ ತಂದೆ, ಅದರದ್ದು ಹತ್ತು ಗಿಡ. ಸಂತೆಯಿಂದ ತಂದ ಹುಳಿ ಟೊಮೆಟೊದ ಬೀಜ ಹಿಂಡಿ ಬೂದಿಯಲ್ಲಿ ಒಣಗಿಸಿ ದೊಡ್ಡಮ್ಮ ಮಾಡಿದ ಸಸಿ ಎಂಟು. ಬೆಂಗಳೂರಿನಲ್ಲಿರುವ ತಮ್ಮ ಆನ್‌ಲೈನಲ್ಲಿ ತರಿಸಿ ಕಳಿಸಿದ, ಒಂದೊಂದು ಹಣ್ಣು ಕಾಲು ಕೆಜಿ ಬರ್ತದೆ ಅಂತ ಬರೆದಿದ್ದ ವಿದೇಶಿ ಬೀಫ್‌ಸ್ಟೇಕ್ ಜಾತಿಯದ್ದು ಎಂಟು. 23 ಗಿಡ ನೆಲದ ಸಾಲಿಗೆ ಹೋಯ್ತು, ಜಾಗ ಸಾಲದೆ ಹೈಬ್ರಿಡಿನ ಮೂರು ಗಿಡ ಮಾತ್ರ ಅಂಗಳದ ಸಿಮೆಂಟ್ ಚಟ್ಟಿಗೆ ಹೋಯ್ತು. ಈ ಮೂರು ಚಟ್ಟಿಯ ವಿಷಯ ನೆನಪಿಡಿ.

ನವೆಂಬರ್ ಅರ್ಧದವರೆಗೆ ಗಿಡ ನೋಡ್ಲಿಕ್ಕೆ ಎಷ್ಟು ಚಂದ ಇತ್ತು ಅಂದ್ರೆ ದೊಡ್ಡಮ್ಮ ಬಂದವರಿಗೆಲ್ಲ ಕರ್ಕೊಂಡು ಹೋಗಿ ತೋರಿಸ್ತಿದ್ರು. ಹೂ ಬಂತು, ಕೆಳಗಿನ ಗೊಂಚಲಲ್ಲಿ ಗೋಲಿಯಷ್ಟು ಕಾಯಿ ಆಯ್ತು. ಆಮೇಲೆ ಒಂದು ದಿನ ಮಧ್ಯಾಹ್ನ ಒಂದು ಗಿಡದ ತುದಿ ಎಲೆ ಜೋತುಬಿದ್ದಿತ್ತು. ಬಿಸಿಲಿಗೆ ಅಂತ ಅಂದ್ಕೊಂಡು ನೀರು ಹಾಕಿದೆವು, ಸಂಜೆ ಎದ್ದು ನಿಂತಿತು. ಮರುದಿನ ಪುನಃ ಜೋತುಬಿತ್ತು. ಮೂರನೇ ದಿನ ಸಂಜೆಯೂ ಏಳಲಿಲ್ಲ. ಎಲೆ ಹಳದಿ ಆಗ್ಲಿಲ್ಲ, ಚುಕ್ಕಿ ಇಲ್ಲ, ಹುಳ ಇಲ್ಲ, ಪೂರ್ತಿ ಹಸಿರಾಗಿದ್ದ ಹಾಗೇ ಕುದಿನೀರು ಹೊಯ್ದ ಸೊಪ್ಪಿನ ಹಾಗೆ ಬಾಡಿ ಹೋಯ್ತು. ಒಂದರ ಪಕ್ಕದಲ್ಲಿ ಒಂದು, ಅದೂ ಇಳಿಜಾರಿನ ಕಡೆಗೇ, ನೀರು ಹರಿದು ಹೋಗುವ ದಾರಿಯಲ್ಲೇ. ಸಂಕ್ರಾಂತಿ ಹೊತ್ತಿಗೆ ನೆಲದಲ್ಲಿದ್ದ 23ರಲ್ಲಿ ಒಂದೂ ಉಳಿದಿರಲಿಲ್ಲ. ಅರ್ಧ ಬೆಳೆದ ಕಾಯಿ ಕೊಯ್ದು ದೊಡ್ಡಮ್ಮ ಚಟ್ನಿ ಮಾಡಿದ್ರು, ಅಷ್ಟೇ ನಮಗೆ ಸಿಕ್ಕಿದ್ದು.

ಅಂಗಳದ ಚಟ್ಟಿಯ ಮೂರು ಗಿಡ ಮಾತ್ರ ಆರಾಮಲ್ಲಿತ್ತು. ಒಂದೇ ಪ್ಯಾಕೆಟಿನ ಬೀಜ, ಒಂದೇ ದಿನ ನೆಟ್ಟದ್ದು, ಒಂದೇ ಬಾವಿಯ ನೀರು. ಬೇರೆ ಇದ್ದದ್ದು ಮಣ್ಣು ಮಾತ್ರ, ಚಟ್ಟಿಗೆ ತುಂಬಿದ್ದು ಗುಡ್ಡೆ ಬದಿಯಿಂದ ತಂದ ಸುಡುಮಣ್ಣು, ಅಂದ್ರೆ ತರಗೆಲೆ, ಕಸದ ಜೊತೆ ಸುಟ್ಟು ಬೇಯಿಸಿದ ಮಣ್ಣು. ಅಲ್ಲಿಗೆ ನನಗೆ ಅನಿಸಿತು, ನಮ್ಮ ಊರಿನ ಹವೆಗೆ ಟೊಮೆಟೊ ಆಗುದಿಲ್ಲ ಅನ್ನುದು ಸರಿಯಲ್ಲ, ಈ ಸಾಲಿನ ಮಣ್ಣಲ್ಲಿ ಎಂತದೋ ಉಂಟು ಅಂತ.

ಕೃಷಿ ಓದಿದ ನನ್ನ ಒಬ್ಬ ಸ್ನೇಹಿತ ಫೋನಲ್ಲಿ ಕೇಳಿ, ಗ್ಲಾಸಿನ ನೀರಲ್ಲಿ ಇಟ್ಟು ನೋಡು ಅಂದ. ಇದು ಯಾರ ಮನೆಯಲ್ಲೂ ಮಾಡ್ಲಿಕ್ಕೆ ಆಗುವ ಪರೀಕ್ಷೆ. ಆಗಷ್ಟೇ ಬಾಡ್ತಾ ಇರುವ, ಪೂರ್ತಿ ಒಣಗದ ಗಿಡ ತಗೊಳ್ಬೇಕು, ನೆಲದಿಂದ ಸ್ವಲ್ಪ ಮೇಲೆ ದಂಟನ್ನು ಶುಚಿ ಕತ್ತಿಯಿಂದ ಕಡಿದು ಎರಡು ಮೂರು ಇಂಚಿನ ತುಂಡು ಮಾಡಿ, ತಿಳಿ ನೀರಿರುವ ಗಾಜಿನ ಗ್ಲಾಸಲ್ಲಿ ಕಡಿದ ತುದಿ ಮಾತ್ರ ನೀರಿಗೆ ತಾಗುವ ಹಾಗೆ ನೇತು ಹಾಕಬೇಕು, ಅಲ್ಲಾಡಿಸಬಾರದು. ನಾವು ಕಿಟಕಿ ಬೆಳಕಿಗೆ ಹಿಡಿದು ನೋಡ್ತಾ ಕೂತೆವು. ಕೆಲವೇ ನಿಮಿಷದಲ್ಲಿ ಕಡಿದ ಜಾಗದಿಂದ ಹಾಲಿನ ನೂಲಿನ ಹಾಗೆ ಬಿಳಿ ಎಳೆ ಕೆಳಗೆ ಇಳೀತಾ ಬಂತು. ದೊಡ್ಡಮ್ಮ ಎಷ್ಟು ವರ್ಷದಿಂದ ಇದೇ ಗಿಡ ಸಾಯುದು ನೋಡಿದವರು, ಕಾರಣ ಕಣ್ಣಿಗೆ ಕಂಡದ್ದು ಅವತ್ತೇ ಮೊದಲು, ಗ್ಲಾಸನ್ನು ತುಂಬಾ ಹೊತ್ತು ನೋಡಿ "ಇಷ್ಟು ಸಮಯ ನೀರು ಕಮ್ಮಿ ಆಯ್ತು ಅಂತ ನೀರು ಹೊಯ್ತಾ ಇದ್ದೆ" ಅಂದ್ರು.

ಆ ಬಿಳಿ ಎಳೆ ಬ್ಯಾಕ್ಟೀರಿಯಾ. ರಾಲ್‌ಸ್ಟೋನಿಯಾ ಅಂತ ಹೆಸರು, ರೋಗಕ್ಕೆ ಬ್ಯಾಕ್ಟೀರಿಯಾ ಸೊರಗು ರೋಗ ಅಂತ ಹೇಳ್ತಾರೆ. ಮಣ್ಣಲ್ಲಿ ಇರ್ತದೆ, ಬೇರಿನ ಗಾಯದಿಂದ ಒಳಗೆ ಹೋಗಿ ನೀರು ಏರುವ ಕೊಳವೆಯಲ್ಲೇ ಸೇರಿಕೊಂಡು ಅದನ್ನು ಕಟ್ಟಿಬಿಡ್ತದೆ, ಹಾಗಾಗಿ ಬುಡದಲ್ಲಿ ಎಷ್ಟು ನೀರಿದ್ರೂ ತುದಿಗೆ ಮುಟ್ಟುದಿಲ್ಲ. ಬೆಚ್ಚಗೆ ಮತ್ತು ಒದ್ದೆ ಇದ್ದಲ್ಲಿ ಹೆಚ್ಚು, ಹುಳಿ ಮಣ್ಣಲ್ಲಿ ಹೆಚ್ಚು, ಅಂದ್ರೆ ನಮ್ಮ ಕರಾವಳಿಯ ಮುರ ಮಣ್ಣು (ಜಂಬಿಟ್ಟಿಗೆ ಮಣ್ಣು) ಅದಕ್ಕೆ ಹೇಳಿ ಮಾಡಿಸಿದ ಜಾಗ. ಒಮ್ಮೆ ಬಂದ್ರೆ ಮಣ್ಣಲ್ಲಿ ವರ್ಷಗಟ್ಟಲೆ ಉಳೀತದೆ, ಹರಿಯುವ ನೀರಲ್ಲಿ ಹೋಗ್ತದೆ, ಹಾರೆಗೆ ಅಂಟಿದ ಮಣ್ಣಲ್ಲೂ ಹೋಗ್ತದೆ. ಟೊಮೆಟೊಗೆ ಮಾತ್ರ ಬರುದಲ್ಲ, ಅದೇ ಕುಟುಂಬದ ಬದನೆ, ಮೆಣಸು, ಬಟಾಟೆಗೂ ಬರ್ತದೆ. ದೊಡ್ಡಮ್ಮನ ಹತ್ರ ಕೇಳಿದೆ, ಆ ಸಾಲಲ್ಲಿ ಹಿಂದೆ ಎಂತ ಇತ್ತು ಅಂತ. ಪ್ರತೀ ವರ್ಷ ಬದನೆ, ಅದರ ಪಕ್ಕ ಮೆಣಸು. ಅವರಿಗೆ ನೆನಪಿರುವಷ್ಟು ವರ್ಷವೂ ಅದೇ.

ಇಲ್ಲಿ ಒಂದು ಮಾತು ಸೇರಿಸ್ತೇನೆ. ಟೊಮೆಟೊ ಗಿಡ ಬಾಡಿದ್ದೆಲ್ಲ ಇದೇ ರೋಗ ಅಲ್ಲ. ಕೆಳಗಿನ ಎಲೆಯಿಂದ ಹಳದಿ ಆಗ್ತಾ, ಕೆಲವು ಸಲ ಗಿಡದ ಒಂದೇ ಬದಿ ನಿಧಾನಕ್ಕೆ ಒಣಗಿದ್ರೆ ಅದು ಫ್ಯುಸೇರಿಯಂ ಅನ್ನುವ ಶಿಲೀಂಧ್ರದ ಸೊರಗು, ಗ್ಲಾಸಲ್ಲಿ ಹಾಲು ಬರುದಿಲ್ಲ. ಬುಡದಲ್ಲಿ ಬಿಳಿ ಹತ್ತಿಯ ಹಾಗೆ ಬೂಸ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಗುಂಡು ಕಂಡ್ರೆ ಅದು ಬುಡ ಕೊಳೆ. ಕಿತ್ತು ನೋಡಿದಾಗ ಬೇರಲ್ಲಿ ಗಂಟು ಗಂಟು ಇದ್ರೆ ಜಂತುಹುಳ. ಇದು ಗೊತ್ತಿಲ್ಲದೆ ರೋಗನಿರೋಧಕ ತಳಿ ಅಂತ ಸುಮ್ಮನೆ ಕೇಳಿ ತಂದ್ರೆ ಪ್ರಯೋಜನ ಇಲ್ಲ, ಯಾಕಂದ್ರೆ ಯಾವ ರೋಗಕ್ಕೆ ನಿರೋಧಕ ಅನ್ನುದೇ ಮುಖ್ಯ. ಬಯಲುಸೀಮೆಯಲ್ಲಿ ಜನ ನಿರೋಧಕ ತಳಿ ಅಂದ್ರೆ ಸಾಧಾರಣ ಎಲೆ ಮುರುಟು ರೋಗಕ್ಕೆ ಅಂತಲೇ ಅರ್ಥ ಮಾಡ್ತಾರೆ, ಅಲ್ಲಿ ಬಿಳಿ ನೊಣದಿಂದ ಬರುವ ಆ ವೈರಸ್ಸೇ ದೊಡ್ಡ ತಲೆನೋವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಿಟ್ಟ ನಂದಿ, ಸಂಕ್ರಾಂತಿ, ವೈಭವ್ ಅನ್ನುವ ತಳಿಗಳು ಆ ವೈರಸ್ ತಡೆಯುವ ಲೆಕ್ಕದಲ್ಲೇ ಬಂದದ್ದು. ನಮ್ಮ ಹಿತ್ತಲಿಗೆ ಬೇಕಾದದ್ದು ಬೇರೆ.

ಹಾಗೆ 2024ರ ಮಳೆಗಾಲ ಇಡೀ ತಳಿ ಹುಡುಕಿದೆ. ನಮಗೆ ಎಂತ ಬೇಕು ಅಂತ ಮೊದಲು ದೊಡ್ಡಮ್ಮನ ಹತ್ರವೇ ಕೂತು ಮಾತಾಡಿದ್ದು. ಸೊರಗು ತಡೀಬೇಕು, ಅದು ಬಿಟ್ರೆ ಉಳಿದದ್ದೆಲ್ಲ ಆಮೇಲೆ. ಎರಡನೇದು ಕಾಲ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಗೆ ಹೊರಗೆ ಟೊಮೆಟೊ ನಿಲ್ಲುದಿಲ್ಲ, ಆ ಕಡೆ ಮಾರ್ಚ್ ಕಳೆದ ಮೇಲೆ ರಾತ್ರಿಯೂ ಸೆಕೆ. ಟೊಮೆಟೊ ಕಾಯಿ ಕಚ್ಚಲಿಕ್ಕೆ ಹಗಲಿನ ಬಿಸಿಲಿಗಿಂತ ರಾತ್ರಿಯ ತಂಪು ಮುಖ್ಯ, ರಾತ್ರಿ 24 ಡಿಗ್ರಿಯಿಂದ ಕೆಳಗೆ ಇಳಿಯದಿದ್ರೆ ಹೂವು ಬಂದದ್ದು ಉದುರ್ತಾ ಹೋಗ್ತದೆ. ಅಂದ್ರೆ ನಮಗೆ ಸಿಗುದು ಅಕ್ಟೋಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ, ನಾಲ್ಕೂವರೆ ತಿಂಗಳು. ಬೀಫ್‌ಸ್ಟೇಕ್ ಥರದ ದೊಡ್ಡ ಹಣ್ಣಿನವು ತಡವಾಗಿ ಹಣ್ಣಾಗುವಂಥವು, ತಂಪು ದೇಶದವು, ಅವಕ್ಕೆ ಇಷ್ಟು ಸಮಯ ಸಾಲುದಿಲ್ಲ. ತಮ್ಮನಿಗೆ ಬೇಜಾರಾಗದ ಹಾಗೆ ಹೇಳಿ ಅದನ್ನು ಬಿಟ್ಟೆವು.

ಮೂರನೇದು ಅಡುಗೆ. ನಿಜ ಹೇಳಬೇಕಂದ್ರೆ ನಮ್ಮ ಕಡೆ ಅಡುಗೆಯ ಹುಳಿ ಟೊಮೆಟೊದ್ದಲ್ಲ, ಹುಣಸೆ, ಬಿಂಬುಳಿ, ಅಂಬಟೆ, ಪುನರ್ಪುಳಿ, ಮಾವಿನಕಾಯಿ ಇವೆಲ್ಲ ಉಂಟು. ಟೊಮೆಟೊ ಬೇಕಾದ್ದು ಸಾರಿಗೆ, ಗೊಜ್ಜಿಗೆ, ಮಕ್ಕಳು ರಜೆಯಲ್ಲಿ ಬಂದಾಗ ಹಸಿಯಾಗಿ ತಿನ್ಲಿಕ್ಕೆ. ಐದು ಜನರ ಮನೆಗೆ ವಾರಕ್ಕೆ ಎರಡು ಕೆಜಿ ಬಂದ್ರೆ ಹೆಚ್ಚಾಯ್ತು. ಒಮ್ಮೆಲೇ ಇಪ್ಪತ್ತು ಕೆಜಿ ಬಂದ್ರೆ ಎಂತ ಮಾಡುದು? ಗಿಡ್ಡ ಜಾತಿಯವು ಒಂದು ಎತ್ತರಕ್ಕೆ ಬಂದು ನಿಂತು ಮೂರು ನಾಲ್ಕು ವಾರದಲ್ಲಿ ಹಣ್ಣು ಸುರಿದು ಮುಗಿಸ್ತವೆ, ಅದು ಒಟ್ಟಿಗೆ ಕೊಯ್ದು ಮಾರುವವರಿಗೆ ಒಳ್ಳೇದು. ಉದ್ದಕ್ಕೆ ಬೆಳೀತಾ ಹೋಗುವವು ಮತ್ತು ನಡುವಿನ ಜಾತಿಯವು ಸ್ವಲ್ಪ ಸ್ವಲ್ಪ ಕೊಡ್ತಾ ಹೋಗ್ತವೆ, ಮನೆಗೆ ಅದೇ ಸರಿ, ಆದ್ರೆ ಕೋಲು ಕೊಟ್ಟು ಕಟ್ಟಬೇಕು.

ಸಿಕ್ಕಿದ್ದು ಇಷ್ಟು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಅಂದ್ರೆ ಎಲ್ಲರೂ ಹೇಳುವ ಐಐಎಚ್‌ಆರ್, ಅವರ ಅರ್ಕಾ ಹೆಸರಿನ ತಳಿಗಳಲ್ಲಿ ಅರ್ಕಾ ಆಭಾ ಮತ್ತು ಅರ್ಕಾ ಆಲೋಕ್ ಎರಡೂ ಬ್ಯಾಕ್ಟೀರಿಯಾ ಸೊರಗಿಗೆ ಅಂತಲೇ ಮಾಡಿದ್ದು, ತೈವಾನಿನ ಏಷ್ಯಾ ತರಕಾರಿ ಸಂಶೋಧನಾ ಕೇಂದ್ರದಿಂದ ಬಂದ ಮೂಲದಿಂದ ಆರಿಸಿದ್ದು, ಹೈಬ್ರಿಡ್ ಅಲ್ಲ. ಅರ್ಕಾ ರಕ್ಷಕ್ ಹೈಬ್ರಿಡ್, ಡಾ. ಎ.ಟಿ. ಸದಾಶಿವ ಅವರ ತಂಡದ ಕೆಲಸ, ಎಲೆ ಮುರುಟು ವೈರಸ್, ಬ್ಯಾಕ್ಟೀರಿಯಾ ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೀತದೆ, ಹಣ್ಣು 90ರಿಂದ 100 ಗ್ರಾಂ, ಗಟ್ಟಿ. ಒಬ್ಬ ರೈತರ ಒಂದು ಗಿಡದಲ್ಲಿ 18-19 ಕೆಜಿ ಬಂತು ಅಂತ ಹಿಂದೆ ಪೇಪರಲ್ಲಿ ಬಂದದ್ದು ಇದೇ ತಳಿಯದ್ದು, ಅದು ಡ್ರಿಪ್, ಗೊಬ್ಬರ ಎಲ್ಲ ಲೆಕ್ಕ ಹಾಕಿ ಕೊಟ್ಟ ಹೊಲದಲ್ಲಿ, ಹಿತ್ತಲಲ್ಲಿ ಆ ಲೆಕ್ಕ ಇಟ್ಕೊಳ್ಬಾರದು. ಇನ್ನೊಂದು, ಬಹಳ ಜನ ನಮ್ಮ ಕಡೆಯವರು ನೋಡದೇ ಇರುವ ದಿಕ್ಕು, ಕೇರಳ. ತ್ರಿಶೂರಿನ ಹತ್ರ ವೆಳ್ಳಾನಿಕ್ಕರದ ಕೇರಳ ಕೃಷಿ ವಿಶ್ವವಿದ್ಯಾಲಯದವರು ಶಕ್ತಿ, ಮುಕ್ತಿ, ಅನಘಾ ಅಂತ ಸೊರಗು ತಡೆಯುವ ತಳಿ ಬಿಟ್ಟಿದ್ದಾರೆ. ಅವರ ಮಳೆ, ಅವರ ಮುರ ಮಣ್ಣು, ಅವರ ಸೆಕೆ ಎಲ್ಲ ನಮ್ಮದೇ. ಕೋಲಾರದ ತಳಿಗಿಂತ ತ್ರಿಶೂರಿನ ತಳಿ ಪುತ್ತೂರಿಗೆ ಹತ್ತಿರ ಅನ್ನುದು ಈ ಹುಡುಕಾಟದಲ್ಲಿ ನನಗೆ ಸಿಕ್ಕಿದ ದೊಡ್ಡ ವಿಷಯ. ದೊಡ್ಡಮ್ಮನ ತಂಗಿಯ ಮನೆ ಕಾಸರಗೋಡಿನ ಬದಿಯಡ್ಕ ಕಡೆ, ಅನಘಾ ಬೀಜ ಅವರ ಮೂಲಕ ಬಂತು.

ಮತ್ತೊಂದು ಹುಡುಕಿ ಬಂದದ್ದಲ್ಲ, ಮನೆಯಲ್ಲೇ ಇದ್ದದ್ದು. ಹಟ್ಟಿ ಹಿಂದಿನ ಗೊಬ್ಬರದ ಗುಂಡಿಯ ಬದಿಯಲ್ಲಿ ಪ್ರತೀ ವರ್ಷ ತನ್ನಷ್ಟಕ್ಕೇ ಒಂದು ಟೊಮೆಟೊ ಹುಟ್ಟುತ್ತದೆ, ಸೂಜಿಮೆಣಸಿನ ಗಿಡದ ಸಂದಿಯಲ್ಲಿ ಹಬ್ಬಿಕೊಂಡು ಹೋಗ್ತದೆ, ಹಣ್ಣು ನೆಲ್ಲಿಕಾಯಿಗಿಂತ ಸಣ್ಣದು, ಹುಳಿ. ಅದಕ್ಕೆ ಯಾರೂ ನೀರು ಹಾಕಿಲ್ಲ, ಯಾರೂ ಲೆಕ್ಕಕ್ಕೆ ತಗೊಂಡಿಲ್ಲ, ಅದು ಮಾತ್ರ ಯಾವತ್ತೂ ಬಾಡಿಲ್ಲ. ಓದುವಾಗ ಗೊತ್ತಾಯ್ತು, ಸೊರಗು ತಡೆಯುವ ಗುಣ ಮತ್ತು ಸಣ್ಣ ಹಣ್ಣು ಇವೆರಡೂ ಟೊಮೆಟೊದಲ್ಲಿ ಒಟ್ಟಿಗೇ ಬರುದು ಜಾಸ್ತಿ, ತಳಿ ಮಾಡುವವರು ದೊಡ್ಡ ಹಣ್ಣಿಗೆ ಆ ಗುಣ ತರ್ಲಿಕ್ಕೆ ಬಹಳ ಕಷ್ಟಪಟ್ಟಿದ್ದಾರೆ. ಗೊಬ್ಬರ ಗುಂಡಿಯ ಗಿಡ ಯಾಕೆ ಬದುಕ್ತದೆ ಅನ್ನುದಕ್ಕೆ ಅದೇ ಕಾರಣ ಇರಬಹುದು ಅಂತ ನನ್ನ ಅಂದಾಜು, ಅಲ್ಲಿನ ಮಣ್ಣೂ ಬೇರೆಯೇ ಅನ್ನಿ. ಅದರ ನಾಲ್ಕು ಸಸಿ ಕಿತ್ತು ತಂದು ಸಾಲಿಗೆ ನೆಟ್ಟೆವು, ಪರೀಕ್ಷೆ ಆಗ್ಲಿ ಅಂತ.

2024ರ ಸೆಪ್ಟೆಂಬರ್ ಕೊನೆಗೆ ಸೋಗೆ ಮಾಡಿನ ಅಡಿಯಲ್ಲಿ ಟ್ರೇಯಲ್ಲಿ ಬೀಜ ಹಾಕಿದೆವು, ಬಿಳಿ ನೊಣ ಬಾರದ ಹಾಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಮುಚ್ಚಿ. ಅಕ್ಟೋಬರ್ ಕೊನೆಯ ವಾರ ನೆಟ್ಟದ್ದು. ಅರ್ಕಾ ರಕ್ಷಕ್ ಆರು, ಅರ್ಕಾ ಆಭಾ ಆರು, ಅನಘಾ ಆರು, ಗೊಬ್ಬರ ಗುಂಡಿಯದ್ದು ನಾಲ್ಕು. ದೊಡ್ಡಮ್ಮ ಹಠ ಹಿಡಿದು ಸಂತೆ ಟೊಮೆಟೊದ್ದೂ ನಾಲ್ಕು ಇರ್ಲಿ ಅಂದ್ರು. ಆ ಹಠ ಒಳ್ಳೇದೇ ಆಯ್ತು, ಅದಿಲ್ಲದಿದ್ರೆ ರೋಗವೇ ಈ ವರ್ಷ ಇರಲಿಲ್ವೋ ತಳಿ ತಡೀತೋ ಅಂತ ನಮಗೆ ಗೊತ್ತಾಗ್ತಿರಲಿಲ್ಲ.

ಮಣ್ಣಿಗೆ ಮಾಡಿದ್ದು: ಸಾಲನ್ನು ಒಂದು ಅಡಿ ಎತ್ತರ ಏರಿಸಿದೆವು, ನೀರು ಒಂದು ಗಿಡದ ಬುಡದಿಂದ ಇನ್ನೊಂದಕ್ಕೆ ಹರಿಯದ ಹಾಗೆ. ಕಳೆದ ವರ್ಷದ ತಪ್ಪು ಅಲ್ಲೂ ಇತ್ತು, ಅಕ್ಟೋಬರಿನ ಗುಡುಗು ಮಳೆಗೆ ಮೇಲಿನ ಸಾಲಿನ ನೀರೆಲ್ಲ ಕೆಳಗಿನ ಸಾಲಿಗೆ ಬರ್ತಿತ್ತು. ನೆಡುವ ಒಂದು ತಿಂಗಳ ಮೊದಲೇ ಸುಣ್ಣ ಹಾಕಿದೆವು. ಪ್ರತೀ ಗುಂಡಿಗೆ ಎರಡು ಬುಟ್ಟಿ ಸುಡುಮಣ್ಣು. ಹೊರಗಿನವರಿಗೆ ಗೊತ್ತಿಲ್ಲದಿದ್ರೆ, ತರಗೆಲೆ, ಕಸ, ಒಣ ಕಟ್ಟಿಗೆ ಮೇಲೆ ಮಣ್ಣು ಪೇರಿಸಿ ದಿನಗಟ್ಟಲೆ ಒಳಗೊಳಗೇ ಬೇಯಿಸುದು ನಮ್ಮ ಕಡೆಯ ಹಳೇ ಪದ್ಧತಿ, ಮಲ್ಲಿಗೆಗೆ, ತರಕಾರಿಗೆ ಹಾಕ್ತಾರೆ. ಶಾಖಕ್ಕೆ ಮಣ್ಣಿನ ರೋಗಾಣು ಸಾಯ್ತದೆ, ಬೂದಿ ಸೇರಿ ಹುಳಿ ಕಮ್ಮಿ ಆಗ್ತದೆ. ಹಿರಿಯರು ಹೆಸರು ಗೊತ್ತಿಲ್ಲದೆ ಮಾಡಿದ್ದು ಸರಿಯಾಗಿಯೇ ಇತ್ತು, ನಮ್ಮ ಮನೆಯಲ್ಲಿ ಕೆಲಸಕ್ಕೆ ಜನ ಸಿಗುದಿಲ್ಲ ಅಂತ ಅದು ಹೆಚ್ಚುಕಮ್ಮಿ ನಿಂತು ಹೋಗಿತ್ತು, ಅಷ್ಟೆ. ಬೇರಿಗೆ ಗಾಯ ಆಗ್ಬಾರದು ಅಂತ ನೆಟ್ಟ ಮೇಲೆ ಬುಡ ಕೆದಕಲಿಲ್ಲ, ಕಳೆ ಕೈಯಲ್ಲೇ ಕಿತ್ತು ತರಗೆಲೆ ಮುಚ್ಚಿದೆವು.

ಫಲಿತಾಂಶ ಸಂಕ್ರಾಂತಿಗೆ ಲೆಕ್ಕ ಹಾಕಿದ್ದು. ಸಂತೆ ಟೊಮೆಟೊ ನಾಲ್ಕಕ್ಕೆ ನಾಲ್ಕೂ ಹೋಯ್ತು, ಅದೇ ರೀತಿ, ಹಸಿರಾಗಿದ್ದ ಹಾಗೇ, ಸುಡುಮಣ್ಣು ಹಾಕಿದ ಗುಂಡಿಯಲ್ಲೂ. ರಕ್ಷಕ್‌ನಲ್ಲಿ ಒಂದು ಹೋಯ್ತು, ಆಭಾದಲ್ಲಿ ಒಂದು. ಅನಘಾ ಆರೂ ಉಳಿಯಿತು, ಗೊಬ್ಬರ ಗುಂಡಿಯ ಗಿಡ ನಾಲ್ಕೂ ಉಳಿಯಿತು. ಆರಾರು ಗಿಡದಲ್ಲಿ ಒಂದು ಹೆಚ್ಚು ಒಂದು ಕಮ್ಮಿ ಅನ್ನುದನ್ನು ನೋಡಿ ಅನಘಾವೇ ಎಲ್ಲಕ್ಕಿಂತ ಗಟ್ಟಿ ಅಂತ ನಾನು ಹೇಳುದಿಲ್ಲ, ಅಷ್ಟು ಸಣ್ಣ ಲೆಕ್ಕದಲ್ಲಿ ಹೇಳ್ಲಿಕ್ಕೂ ಬಾರದು. ನಿರೋಧಕ ಅಂದ್ರೆ ಸಾಯುದೇ ಇಲ್ಲ ಅಂತ ಅಲ್ಲ, ಮಣ್ಣಿನ ಬಿಸಿ ಏರಿದ್ರೆ, ಬುಡದಲ್ಲಿ ನೀರು ನಿಂತ್ರೆ, ಬ್ಯಾಕ್ಟೀರಿಯಾದ ಬಗೆ ಬೇರೆ ಇದ್ರೆ ಅದೂ ಸೋಲ್ತದೆ. ಹೋದ ಎರಡು ಗಿಡವೂ ಪೈಪಿನ ಜಾಯಿಂಟ್ ಸೋರಿ ಯಾವಾಗ್ಲೂ ಒದ್ದೆ ಇದ್ದ ಮೂಲೆಯಲ್ಲಿದ್ದವು.

ಕಸಿಯೂ ಮಾಡಿ ನೋಡಿದೆ. ಊರ ಬದನೆಯಲ್ಲೂ ಎಲ್ಲವೂ ಸೊರಗುದಿಲ್ಲ, ದೊಡ್ಡಮ್ಮನ ಹತ್ರ ಇರುವ ಒಂದು ಮುಳ್ಳು ಬದನೆ ಆ ಸಾಲಲ್ಲಿ ಎಷ್ಟೋ ವರ್ಷ ನಿಂತದ್ದು ಉಂಟು. ಅದರ ಸಸಿಯ ದಂಟಿಗೆ ಸಂತೆ ಟೊಮೆಟೊದ ತುದಿ ಓರೆಯಾಗಿ ಕೊಯ್ದು ಸೇರಿಸಿ ಸಣ್ಣ ಕ್ಲಿಪ್ ಹಾಕಿ, ನೆರಳಲ್ಲಿ ಪ್ಲಾಸ್ಟಿಕ್ ಡಬ್ಬ ಕವುಚಿ ಒಂದು ವಾರ ಇಟ್ಟದ್ದು. ಐದರಲ್ಲಿ ಎರಡು ಹಿಡಿಯಿತು, ಎರಡೂ ಮಾರ್ಚ್ ತನಕ ಬದುಕಿ ಹಣ್ಣು ಕೊಟ್ಟವು. ರುಚಿಗೆ ಬೇಕಾದ ತಳಿಯನ್ನು ಸೊರಗಿನ ಮಣ್ಣಲ್ಲೂ ಬೆಳೆಸ್ಲಿಕ್ಕೆ ಇದೊಂದು ದಾರಿ, ಕಸಿ ಕಟ್ಟಿದ ಜಾಗ ಮಣ್ಣಿಗಿಂತ ಮೇಲೆ ಇರಬೇಕು, ಇಲ್ಲದಿದ್ರೆ ಟೊಮೆಟೊ ತನ್ನ ಬೇರು ಬಿಟ್ಟು ರೋಗ ಅಲ್ಲಿಂದಲೇ ಹತ್ತುತ್ತದೆ.

ಇನ್ನು ಅಡುಗೆ ಮನೆಯ ತೀರ್ಪು. ದೊಡ್ಡಮ್ಮ ಒಂದು ಹಳೇ ಕ್ಯಾಲೆಂಡರ್ ಹಿಂದೆ ತೂಕ ಬರೆದಿಟ್ಟಿದ್ರು: ರಕ್ಷಕ್ ಐದು ಗಿಡದಿಂದ 17 ಕೆಜಿ ಚಿಲ್ಲರೆ, ಆಭಾ ಐದರಿಂದ 11, ಅನಘಾ ಆರರಿಂದ ಹತ್ತರ ಹತ್ರ. ಗುಂಡಿಯದ್ದು ತೂಕಕ್ಕೆ ಬಂದೇ ಇಲ್ಲ, ಮಕ್ಕಳು ಗಿಡದಿಂದಲೇ ಕಿತ್ತು ತಿಂದ್ರು. ತೂಕದಲ್ಲಿ ರಕ್ಷಕ್ ಮುಂದೆ, ಸಂಶಯ ಇಲ್ಲ, ಹಣ್ಣು ಗಟ್ಟಿ, ದಪ್ಪ ಗೋಡೆ, ಹೊರಗೆ ಇಟ್ರೂ ಎರಡು ವಾರ ಕೆಡುದಿಲ್ಲ, ಪಲ್ಯಕ್ಕೆ, ಗೊಜ್ಜಿಗೆ ಒಳ್ಳೇದು. ಸಾರಿಗೆ ದೊಡ್ಡಮ್ಮನಿಗೆ ಅದು ಹಿಡಿಸಲಿಲ್ಲ, "ಹಿಂಡಿದ್ರೆ ರಸವೇ ಇಲ್ಲ, ಹುಳಿಯೂ ಇಲ್ಲ, ಎರಡು ಹಣ್ಣು ಹಾಕುವಲ್ಲಿ ನಾಲ್ಕು ಬೇಕು" ಅಂದ್ರು. ಅವರು ಹೇಳುದು ಸರಿ, ಲಾರಿಯಲ್ಲಿ ದೂರ ಹೋಗುವ ಹಣ್ಣಿಗೆ ಬೇಕಾದ ಗಟ್ಟಿತನ ಸಾರಿಗೆ ಬೇಡ. ಸಾರಿಗೆ ಅವರು ಆರಿಸಿದ್ದು ಅನಘಾ, ಹಣ್ಣು ಸಣ್ಣದು, ರಸ ಇದೆ, ಹದ ಹುಳಿ. ಆಭಾ ಎರಡರ ನಡುವೆ, ಕಾಯಿ ಇರುವಾಗ ತೊಟ್ಟಿನ ಸುತ್ತ ಹಸಿರು ಪಟ್ಟಿ ಇರ್ತದೆ, ಹಣ್ಣಾದಾಗ ಹೋಗ್ತದೆ, ಹಸಿ ತಿನ್ಲಿಕ್ಕೆ ನನಗೆ ಅದೇ ಇಷ್ಟ. ಕಸಿಯ ಸಂತೆ ಟೊಮೆಟೊ ರುಚಿಯಲ್ಲಿ ಎಲ್ಲಕ್ಕಿಂತ ಮೇಲೆ, ಆದ್ರೆ ಸಿಪ್ಪೆ ತೆಳು, ಒಂದು ದಿನ ನೀರು ತಪ್ಪಿ ಮರುದಿನ ಜಾಸ್ತಿ ಹಾಕಿದ್ರೆ ಬಿರಿಯುತ್ತದೆ.

ಜನವರಿಯಲ್ಲಿ ರಕ್ಷಕ್‌ನ ಮೊದಲ ಗೊಂಚಲಲ್ಲಿ ಕೆಲವು ಕಾಯಿಯ ಅಡಿ ಕಪ್ಪಾಗಿ ಚಪ್ಪಟೆ ಕೊಳೆತದ್ದು ಕಂಡಿತು. ಅದು ರೋಗ ಅಲ್ಲ, ಕ್ಯಾಲ್ಸಿಯಂ ಕಾಯಿಯ ತುದಿಗೆ ಮುಟ್ಟದೆ ಆಗುದು, ನೀರು ಒಂದು ದಿನ ಹೆಚ್ಚು ಒಂದು ದಿನ ಕಮ್ಮಿ ಆದ್ರೆ ಹಾಗಾಗ್ತದೆ. ಅಡಿಕೆ ತೋಟದ ಸ್ಪ್ರಿಂಕ್ಲರ್ ಪಾಳಿಯ ಜೊತೆ ಇದಕ್ಕೂ ನೀರು ಬಿಡ್ತಿದ್ವಿ, ಮೂರು ದಿನಕ್ಕೊಮ್ಮೆ. ದಿನಾ ಬೆಳಿಗ್ಗೆ ಕೊಡದಲ್ಲಿ ಬುಡಕ್ಕೆ ಹಾಕ್ಲಿಕ್ಕೆ ಶುರು ಮಾಡಿದ ಮೇಲೆ ಹೊಸ ಕಾಯಿಗೆ ಬರಲಿಲ್ಲ. ಸಣ್ಣ ಹಣ್ಣಿನ ಗಿಡಕ್ಕೆ ಈ ತೊಂದರೆ ಬರಲೇ ಇಲ್ಲ.

ಫೆಬ್ರವರಿ ಕೊನೆಗೆ ಬಿಳಿ ನೊಣ ಬಂತು. ಆಭಾದ ಎರಡು ಗಿಡದ ತುದಿ ಮುರುಟಿ ಕುಬ್ಜ ಆಯ್ತು, ಅನಘಾದ ಒಂದಕ್ಕೂ ಬಂತು, ರಕ್ಷಕ್‌ಗೆ ಬರಲಿಲ್ಲ. ಅಷ್ಟು ಹೊತ್ತಿಗೆ ಮುಖ್ಯ ಕೊಯ್ಲು ಮುಗಿದಿತ್ತು, ಹಾಗಾಗಿ ಕಿತ್ತು ಸುಟ್ಟೆವು. ನಮ್ಮ ಹಾಗೆ ಅಕ್ಟೋಬರಲ್ಲಿ ನೆಡುವವರಿಗೆ ವೈರಸ್ ಕೊನೆಗೆ ಬರುವ ತೊಂದರೆ, ಜನವರಿಯಲ್ಲಿ ನೆಡುವವರಿಗೆ ಮಾತ್ರ ಮೊದಲೇ ಬರ್ತದೆ, ಅವರು ರಕ್ಷಕ್ ಬಿಟ್ಟು ಬೇರೆ ಯೋಚನೆ ಮಾಡುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಮಂಗನ ಕಾಟ ಪ್ರತ್ಯೇಕ. ದೂರದಿಂದ ಕೆಂಪಾಗಿ ಕಾಣುವ ದೊಡ್ಡ ಹಣ್ಣಿಗೇ ಅವು ಮೊದಲು ಬರುದು, ನಾವು ರಕ್ಷಕ್ ಹಣ್ಣನ್ನು ಬಣ್ಣ ತಿರುಗಿದ ಕೂಡಲೇ ಕೊಯ್ದು ಒಳಗೆ ಹಣ್ಣು ಮಾಡಿದೆವು, ಅದಕ್ಕೆ ರುಚಿ ಅಷ್ಟೇನೂ ಕಮ್ಮಿ ಆಗ್ಲಿಲ್ಲ.

ಬೀಜದ ವಿಷಯ. ರಕ್ಷಕ್ ಹೈಬ್ರಿಡ್, ಅದರ ಹಣ್ಣಿನ ಬೀಜ ಹಾಕಿದ್ರೆ ಒಂದೊಂದು ಒಂದೊಂದು ಥರ ಬರ್ತದೆ, ರೋಗ ತಡೆಯುವ ಗುಣವೂ ಎಲ್ಲದರಲ್ಲಿ ಇರುದಿಲ್ಲ, ಅದನ್ನು ಪ್ರತೀ ವರ್ಷ ತರಬೇಕು. ಆಭಾ, ಅನಘಾ ಹಾಗಲ್ಲ. ಟೊಮೆಟೊ ಹೂವು ಹೆಚ್ಚಾಗಿ ತನ್ನಲ್ಲೇ ಪರಾಗ ಆಗುವಂಥದ್ದು, ಹಾಗಾಗಿ ಪಕ್ಕ ಪಕ್ಕ ಇದ್ರೂ ಬೆರಕೆ ಕಮ್ಮಿ. ಬೀಜ ತೆಗೆಯುದು ದೊಡ್ಡಮ್ಮ ಬೂದಿಯಲ್ಲಿ ಮಾಡ್ತಿದ್ರು, ಈ ಸಲ ಲೋಳೆ ಸಮೇತ ಒಂದು ಗ್ಲಾಸಲ್ಲಿ ಎರಡು ದಿನ ಹುಳಿ ಬರಿಸಿ, ತೊಳೆದು, ನೆರಳಲ್ಲಿ ಒಣಗಿಸಿದೆವು, ಲೋಳೆ ಪೂರ್ತಿ ಹೋಗಿ ಬೀಜ ಚೆನ್ನಾಗಿ ಬಿಡಿ ಬಿಡಿಯಾಗಿ ಬಂತು. ಎರಡು ದಿನಕ್ಕಿಂತ ಹೆಚ್ಚು ಬಿಟ್ರೆ ನಮ್ಮ ಸೆಕೆಗೆ ಅಲ್ಲೇ ಮೊಳಕೆ ಬರ್ತದೆ, ಅದೊಂದು ನೋಡಿಕೊಳ್ಬೇಕು. ಬೀಜಕ್ಕೆ ಇಟ್ಟದ್ದು ಕೊನೆಯವರೆಗೆ ಬಾಡದೆ, ಮುರುಟದೆ ನಿಂತ ಗಿಡದ ಹಣ್ಣು ಮಾತ್ರ, ಎರಡನೇ ಗೊಂಚಲಿನದ್ದು.

ಮುಂದಿನ ಸಲಕ್ಕೆ ಲೆಕ್ಕ ಹೀಗೆ ಆಗಿದೆ. ಅನಘಾ ಎಂಟು, ಅದರಲ್ಲಿ ನಾಲ್ಕು ಅಕ್ಟೋಬರ್ ಕೊನೆಗೆ, ನಾಲ್ಕು ಮೂರು ವಾರ ಬಿಟ್ಟು, ಸಾರಿಗೆ ತಪ್ಪದ ಹಾಗೆ. ರಕ್ಷಕ್ ನಾಲ್ಕು ಸಾಕು, ಆಭಾ ನಾಲ್ಕು. ಕಸಿಯದ್ದು ಹತ್ತು ಪ್ರಯತ್ನ ಮಾಡಿ ನಾಲ್ಕಾದ್ರೂ ಉಳಿಸಬೇಕು ಅಂತ ನನ್ನ ಆಸೆ. ಹಳೇ ಬದನೆ ಸಾಲಿಗೆ ಟೊಮೆಟೊವೂ ಇಲ್ಲ, ಬದನೆಯೂ ಇಲ್ಲ, ಮೆಣಸೂ ಇಲ್ಲ, ಅಲ್ಲಿ ಅಲಸಂಡೆ ಮತ್ತು ಮುಳ್ಳುಸೌತೆ. ನೀರು ನಿಲ್ಲಿಸಿ ಭತ್ತ ಬೆಳೆದ ಗದ್ದೆಯಲ್ಲಿ ಈ ಬ್ಯಾಕ್ಟೀರಿಯಾ ಕಮ್ಮಿ ಆಗ್ತದೆ, ಹಿಂದೆ ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಆದ ಮೇಲೆ ಬೈಲು ಗದ್ದೆಯಲ್ಲಿ ತರಕಾರಿ ಚೆನ್ನಾಗಿ ಆಗ್ತಿದ್ದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ನಮ್ಮ ಗದ್ದೆ ಅಡಿಕೆ ತೋಟ ಆಗಿ ಎಷ್ಟೋ ವರ್ಷ ಆಯ್ತು. ಕೆಳಗಿನ ಮನೆಯವರು ಇನ್ನೂ ಒಂದು ಗದ್ದೆ ಉಳಿಸಿಕೊಂಡಿದ್ದಾರೆ, ದೊಡ್ಡಮ್ಮ ಅವರಿಗೆ ಅನಘಾ ಬೀಜ ಒಂದು ಪೊಟ್ಟಣ ಕೊಟ್ಟು ಬಂದಿದ್ದಾರೆ, ಕೊಯ್ಲು ಆದ ಕೂಡಲೇ ಆ ಗದ್ದೆಯ ಒಂದು ಮೂಲೆಯಲ್ಲಿ ಹಾಕಿ ನೋಡ್ತೇನೆ ಅಂತ ಅವರು ಹೇಳಿದ್ದಾರೆ.